ಅನ್ನನಾಳದ ಕ್ಯಾನ್ಸರ್ ಎಷ್ಟು ಹಬ್ಬಿದೆ: ರಕ್ತಪರೀಕ್ಷೆ ನಡೆದು ಬಂದ ದಾರಿ

ನುಂಗಲು ಕಷ್ಟವೆಂದು ಬಂದವರಿಗೆ ಎಂಡೋಸ್ಕೋಪಿ ಮಾಡಿ, ಬಯಾಪ್ಸಿಯಲ್ಲಿ ಅನ್ನನಾಳದ ಕ್ಯಾನ್ಸರ್ ಖಚಿತವಾದ ಮೇಲೆ, ಗಡ್ಡೆ ನಾಳದ ಗೋಡೆಯಲ್ಲಿ ಎಷ್ಟು ಆಳಕ್ಕೆ ಇಳಿದಿದೆ, ದುಗ್ಧರಸ ಗ್ರಂಥಿಗಳನ್ನು ಮುಟ್ಟಿದೆಯೇ, ದೂರದ ಅಂಗಗಳಿಗೆ ಹೋಗಿದೆಯೇ ಎಂಬುದನ್ನು ತಿಳಿಯಬೇಕಾಗುತ್ತದೆ. ಈ ಮೂರು ಪ್ರಶ್ನೆಗಳ ಟಿಎನ್‌ಎಂ ಪದ್ಧತಿಯನ್ನು 1940ರ ದಶಕದಲ್ಲಿ ರೂಪಿಸಿದವರು ಫ್ರಾನ್ಸಿನ ಪಿಯೆರ್ ಡೆನ್ವಾ. ಮೂರೂ ಜಾಗವನ್ನು ಕುರಿತ ಪ್ರಶ್ನೆಗಳು; ರಕ್ತಕ್ಕೆ ಗೊತ್ತಿರುವುದು ಪ್ರಮಾಣ ಮಾತ್ರ. ತೊಡಕು ಇರುವುದೇ ಇಲ್ಲಿ.

ಬಳಕೆಗೆ ಬಂದ ಮೊದಲ ಸೂಚಕಗಳು, ಅಂದರೆ ಕ್ಯಾನ್ಸರಿನ ಸುಳಿವು ಕೊಡುವ ರಕ್ತದ ಅಂಶಗಳು, ಅನ್ನನಾಳಕ್ಕೆಂದು ಹುಟ್ಟಿದವಲ್ಲ. ಸಿಇಎ ಎಂಬ ಪ್ರೋಟೀನನ್ನು 1965ರಲ್ಲಿ ಮಾಂಟ್ರಿಯಲ್‌ನ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ ಗುರುತಿಸಿದ್ದು ದೊಡ್ಡ ಕರುಳಿನ ಗಡ್ಡೆಯಲ್ಲಿ. ಎಸ್‌ಸಿಸಿ ಆ್ಯಂಟಿಜೆನ್ ಎಂಬ ಇನ್ನೊಂದು ಪ್ರೋಟೀನು 1977ರಲ್ಲಿ ಜಪಾನಿನಲ್ಲಿ ಗರ್ಭಕಂಠದ ಸ್ಕ್ವೇಮಸ್ (ಚಪ್ಪಟೆ) ಜೀವಕೋಶಗಳ ಕ್ಯಾನ್ಸರಿನಿಂದ ದೊರೆಯಿತು. ಭಾರತದಲ್ಲಿ ಹೆಚ್ಚಾಗಿ ಕಾಣುವ ಅನ್ನನಾಳದ ಕ್ಯಾನ್ಸರ್ ಅದೇ ಸ್ಕ್ವೇಮಸ್ ಜೀವಕೋಶಗಳದ್ದಾದ್ದರಿಂದ ಎಸ್‌ಸಿಸಿ ಇಲ್ಲಿಗೂ ಹೊಂದಿಕೊಂಡಿತು.

ಗಡ್ಡೆ ದೊಡ್ಡದಾದಂತೆ ರಕ್ತದಲ್ಲಿ ಈ ಸೂಚಕಗಳ ಮಟ್ಟ ಏರುವುದೇನೋ ನಿಜ, ಆದರೆ ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಎಸ್‌ಸಿಸಿ ಆರೋಗ್ಯವಂತರ ಚರ್ಮದಲ್ಲೂ ಎಂಜಲಿನಲ್ಲೂ ಇರುತ್ತದೆ. ಸೀರಂ ಮಾದರಿಗೆ ಎಂಜಲಿನ ಸೂಕ್ಷ್ಮ ಹನಿ ಸಿಡಿದರೂ ಫಲಿತಾಂಶ ಸುಳ್ಳಾಗಿ ಮೇಲೇರಬಹುದು. ಮೂತ್ರಪಿಂಡ ಸೋತವರಲ್ಲೂ ಸೋರಿಯಾಸಿಸ್ ಇರುವವರಲ್ಲೂ ಅದು ಹೆಚ್ಚಿರುತ್ತದೆ. ಸಿಇಎ ಧೂಮಪಾನಿಗಳಲ್ಲಿ ತಾನಾಗಿಯೇ ತುಸು ಮೇಲಿರುತ್ತದೆ. ಅನ್ನನಾಳದ ಕ್ಯಾನ್ಸರ್ ಬಂದವರಲ್ಲಿ ಬೀಡಿ ಸಿಗರೇಟು ಸೇದುವವರೇ ಬಹಳ ಎಂಬುದನ್ನು ನೆನೆದರೆ ಇದೊಂದು ವ್ಯಂಗ್ಯ.

ಪಿ53 ಎಂಬ ಪ್ರೋಟೀನು ಗಡ್ಡೆಯಲ್ಲಿ ಕೆಟ್ಟಾಗ ದೇಹ ಅದರ ವಿರುದ್ಧ ತಯಾರಿಸುವ ಪ್ರತಿಕಾಯಗಳ ಕಥೆ ಬೇರೆ. 1982ರಲ್ಲಿ ಸ್ತನ ಕ್ಯಾನ್ಸರ್ ರೋಗಿಗಳ ರಕ್ತದಲ್ಲಿ ಕಂಡ ಇವು ಅನ್ನನಾಳದ ಕೆಲವು ರೋಗಿಗಳಲ್ಲಿ ಗಡ್ಡೆ ಚಿಕ್ಕದಿರುವಾಗಲೇ ಕಾಣಿಸಿಕೊಳ್ಳುತ್ತವೆ. ರೋಗದ ಸುಳಿವು ಹಿಡಿಯಲು ನೆರವಾಗುವ ಈ ಗುಣವೇ ವ್ಯಾಪ್ತಿ ಅಳೆಯುವಾಗ ಕೊರತೆಯಾಗುತ್ತದೆ; ಅವು ಕಂಡ ಮಾತ್ರಕ್ಕೆ ಗಡ್ಡೆ ಚಿಕ್ಕದೋ ದೊಡ್ಡದೋ ತಿಳಿಯುವುದಿಲ್ಲ.

ರಕ್ತದಲ್ಲಿ ಬಿಡಿ ಡಿಎನ್ಎ ತೇಲುತ್ತದೆಂದು ಫ್ರಾನ್ಸಿನ ವಿಜ್ಞಾನಿಗಳಾದ ಮಾಂಡೆಲ್ ಮತ್ತು ಮೆತೇ 1948ರಲ್ಲೇ ತೋರಿಸಿದ್ದರೂ, ಅದರೊಳಗೆ ಗಡ್ಡೆಯದೇ ರೂಪಾಂತರಗಳನ್ನು (ಡಿಎನ್ಎಯಲ್ಲಾದ ಬದಲಾವಣೆಗಳನ್ನು) ಓದಲು 1990ರ ದಶಕ ಬರಬೇಕಾಯಿತು. ಈ ತುಣುಕುಗಳು ಕೆಲವೇ ಗಂಟೆಗಳಲ್ಲಿ ಕರಗಿಹೋಗುವುದರಿಂದ, ಇಂದಿನ ಮಾದರಿ ಹೆಚ್ಚುಕಡಿಮೆ ಇಂದಿನ ಸ್ಥಿತಿಯನ್ನೇ ಹೇಳುತ್ತದೆ. ಶಸ್ತ್ರಚಿಕಿತ್ಸೆಯ ಬಳಿಕವೂ ಅವು ಉಳಿದಿದ್ದರೆ ರೋಗ ಮರುಕಳಿಸುವ ಅಪಾಯ ಹೆಚ್ಚು. ನನ್ನ ಮಟ್ಟಿಗೆ ರಕ್ತಪರೀಕ್ಷೆ ತನ್ನ ನಿಜವಾದ ಕೆಲಸವನ್ನು ಕಂಡುಕೊಂಡದ್ದು ಇಲ್ಲಿ, ಚಿಕಿತ್ಸೆಗೆ ಮುಂಚಿನ ಅಳತೆಗಿಂತ ಆಮೇಲಿನ ನಿಗಾದಲ್ಲಿ.

ಚಿಕ್ಕ ಗಡ್ಡೆ ಮಾತ್ರ ರಕ್ತಕ್ಕೆ ಅಷ್ಟು ಡಿಎನ್ಎ ಬಿಡುವುದೇ ಇಲ್ಲ. ಅನ್ನನಾಳದ ಒಳಪೊರೆಯ ಕೆಳಗೆ ದುಗ್ಧರಸ ನಾಳಗಳು ದಟ್ಟವಾಗಿರುವ ಕಾರಣ, ಗಡ್ಡೆ ಒಳಪೊರೆಯಲ್ಲೇ ನಿಂತಿದೆಯೇ, ಅದನ್ನು ದಾಟಿದೆಯೇ ಎಂಬುದರ ಮೇಲೆ ಎಂಡೋಸ್ಕೋಪಿಯಲ್ಲೇ ಕತ್ತರಿಸಿ ತೆಗೆದರೆ ಸಾಕೋ ಅನ್ನನಾಳವನ್ನೇ ತೆಗೆಯಬೇಕೋ ಎಂಬ ತೀರ್ಮಾನ ಬಹುಮಟ್ಟಿಗೆ ನಿಂತಿರುತ್ತದೆ. ಒಂದು ಮಿಲಿಮೀಟರಿಗೂ ಕಡಿಮೆಯಾಗಬಹುದಾದ ಆ ಅಂತರವನ್ನು ಇಂದಿಗೂ ಅಳೆಯುವುದು ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಮತ್ತು ಕತ್ತರಿಸಿ ತೆಗೆದ ಚೂರನ್ನು ಸೂಕ್ಷ್ಮದರ್ಶಕದಡಿ ನೋಡುವ ಪೆಥಾಲಜಿಸ್ಟ್.