ಬೀಟಲ್ ಇಂಜಿನ್‌ನ ಹೊಗೆ ಮತ್ತು ಆಯಿಲ್: ಬಣ್ಣ ಆಮೇಲೆ, ಹೊತ್ತು ಮೊದಲು

ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್‌ನ ಏರ್-ಕೂಲ್ಡ್ (ನೀರಿಲ್ಲದೆ ಗಾಳಿಯಿಂದ ತಂಪಾಗುವ) ಇಂಜಿನ್ ಕಲಿಯುತ್ತಿರುವ ಗೆಳೆಯರಿಗಾಗಿ ಈ ಟಿಪ್ಪಣಿ. ವಿಲ್ಸನ್ ಗಾರ್ಡನ್‌ನ ಒಂದು ಶೆಡ್‌ನಲ್ಲಿ ಭಾನುವಾರಗಳಂದು ಕೈ ಕಪ್ಪು ಮಾಡಿಕೊಂಡು ಕಲಿತದ್ದನ್ನು ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ನಮ್ಮಲ್ಲಿ ಬಹಳ ಜನ ಅಂಬಾಸಿಡರ್, ಪದ್ಮಿನಿ, ಮಾರುತಿಯ ನೀರಿನ ಇಂಜಿನ್ ಬಿಚ್ಚಿ ಕಲಿತವರು. ಆ ಪಾಠದಲ್ಲಿ ಅರ್ಧ ಇಲ್ಲಿಗೆ ಹೊಂದುವುದಿಲ್ಲ. ಹೊಂದುವುದಿಲ್ಲ ಎಂದು ಗೊತ್ತಾಗದೆ ಒಳ್ಳೆಯ ಇಂಜಿನ್ ಬಿಚ್ಚಿಬಿಡುತ್ತೇವೆ.

ನಾನೇ ಬಿಚ್ಚಿಸುವವನಿದ್ದೆ. ಗವಿಪುರಂನಲ್ಲಿರುವ ಗೆಳೆಯನ 1968ರ ಕಾರು, 1493 ಸಿಸಿ. ದಿನಾ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಒಂದು ದೊಡ್ಡ ನೀಲಿ ಮೋಡ, ಎದುರು ಮನೆಯವರು ಕಿಟಕಿ ಮುಚ್ಚುವಷ್ಟು. ಒಂದು ಗ್ಯಾರೇಜಿನವರು ನಿಂತಲ್ಲೇ ನೋಡಿ "ರಿಂಗ್ ಹೋಗಿದೆ, ಇಳಿಸಬೇಕು" ಎಂದರು. ನೀಲಿ ಎಂದರೆ ಆಯಿಲ್ ಸುಡುತ್ತಿದೆ, ಅದು ಒಳಗೆ ಸೇರದಂತೆ ತಡೆಯುವುದು ಪಿಸ್ಟನ್ ಸುತ್ತಲಿನ ರಿಂಗ್ ಎಂದು ನಾನೂ ಹೂಂ ಎಂದೆ. ನಮಗೆ ಪಾಠ ಹೇಳುವ ಮೇಸ್ತ್ರಿ ಮಾತ್ರ, "ಬಣ್ಣ ಆಮೇಲೆ ನೋಡೋಣ ಕಣಪ್ಪ, ಎಷ್ಟು ಹೊತ್ತು ಬರುತ್ತೆ? ರಾತ್ರಿ ಗಾಡಿ ಎಲ್ಲಿ ನಿಲ್ಲಿಸ್ತಾನೆ?" ಎಂದು ಕೇಳಿದರು. ಹೊಗೆ ಅರ್ಧ ನಿಮಿಷ ಬಂದು ನಿಲ್ಲುತ್ತಿತ್ತು. ಕಾರು ನಿಲ್ಲುತ್ತಿದ್ದದ್ದು ಇಳಿಜಾರು ಬೀದಿಗೆ ಅಡ್ಡಲಾಗಿ, ಎಡ ಚಕ್ರಗಳು ತಗ್ಗಿನಲ್ಲಿ. ಒಂದು ವಾರ ಸಮತಟ್ಟು ಜಾಗದಲ್ಲಿ ನಿಲ್ಲಿಸಿ ನೋಡಿದೆವು. ಹೊಗೆ ಇಲ್ಲವೆನ್ನುವಷ್ಟು ಕಡಿಮೆಯಾಯಿತು.

ಕಾರಣ ಇಂಜಿನ್‌ನ ಮೈಕಟ್ಟಿನಲ್ಲೇ ಇದೆ. ನಾಲ್ಕು ಸಿಲಿಂಡರ್‌ಗಳು ನೆಟ್ಟಗೆ ನಿಂತಿಲ್ಲ, ಮಲಗಿವೆ. ಬಲಕ್ಕೆ 1 ಮತ್ತು 2, ಎಡಕ್ಕೆ 3 ಮತ್ತು 4. ಇಂಜಿನ್ ನಿಂತಾಗ ಬ್ಯಾರೆಲ್ (ಸಿಲಿಂಡರ್ ಕೊಳವೆ) ಗೋಡೆಯ ಆಯಿಲ್ ಕೆಳಕ್ಕೆ ಬಸಿದು ಸಂಪ್ (ತಳದ ಆಯಿಲ್ ತೊಟ್ಟಿ) ಸೇರುವ ಬದಲು ಸಿಲಿಂಡರ್‌ನ ತಳಭಾಗದಲ್ಲೇ ಉಳಿಯುತ್ತದೆ. ರಿಂಗ್‌ನ ಬಾಯಿ, ಅಂದರೆ ಅದರ ಎರಡು ತುದಿಗಳ ನಡುವಿನ ಸಂದು, ಕೆಳಗಡೆ ನಿಂತಿದ್ದರೆ ಅಷ್ಟಿಷ್ಟು ಒಳಗೆ ಜಿನುಗುತ್ತದೆ. ಕಾರು ಒಂದು ಬದಿಗೆ ವಾಲಿದ್ದರೆ ಆ ಬದಿಗೆ ಇನ್ನಷ್ಟು. ಆದ್ದರಿಂದ ಸ್ಟಾರ್ಟ್ ಮಾಡಿದಾಗ ಒಮ್ಮೆ ಬಂದು ಹೋಗುವ ನೀಲಿ ಹೊಗೆಯನ್ನು ನೋಡಿ ರಿಂಗ್‌ಗೆ ಶಿಕ್ಷೆ ಬರೆಯಬೇಡಿ.

ಹಾಗಾದರೆ ನಿಜವಾದ ನೀಲಿ ಯಾವುದು? ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಬರುವುದು. ಇಲ್ಲೂ ಯಾವಾಗ ಎಂದು ಕೇಳಬೇಕು. ನಂದಿ ಬೆಟ್ಟದಿಂದ ಇಳಿಯುವಾಗ ಗೇರಿನಲ್ಲೇ ಬಿಟ್ಟು ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ, ಹಿಂದಿನ ಗಾಡಿಯಲ್ಲಿ ಒಬ್ಬರು ನೋಡುತ್ತಿರಲಿ. ಇಳಿದು ಮುಗಿದು ಮತ್ತೆ ಆಕ್ಸಿಲರೇಟರ್ ಒತ್ತಿದಾಗ ಬುಸ್ಸೆಂದು ನೀಲಿ ಬಂದರೆ ಅನುಮಾನ ವಾಲ್ವ್ ಗೈಡ್ (ವಾಲ್ವ್‌ನ ಕಡ್ಡಿ ಜಾರುವ ಕೊಳವೆ) ಮೇಲೆ. ಥ್ರಾಟಲ್ ಮುಚ್ಚಿದಾಗ ಇನ್‌ಲೆಟ್ ಕಡೆ ಎಳೆತ ಜಾಸ್ತಿ, ಸವೆದ ಗೈಡ್‌ನ ಸಂದಿನಿಂದ ಆಯಿಲ್ ಎಳೆದುಕೊಳ್ಳುತ್ತದೆ. ಅದೇ ಏರು ಹತ್ತುವಾಗ, ಲೋಡ್ ಬಿದ್ದಾಗ ಒಂದೇ ಸಮನೆ ನೀಲಿ ಬಿಡುತ್ತಿದ್ದರೆ ಆಗ ರಿಂಗ್, ಬ್ಯಾರೆಲ್ ಕಡೆ ತಿರುಗಿ.

ಇಲ್ಲಿ ಒಂದು ಎಚ್ಚರಿಕೆ, ನನಗೆ ಬಹಳ ಮುಖ್ಯ ಅನ್ನಿಸಿದ್ದು. ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ಕಡಿಮೆ ಬಂದಾಗ ಪ್ಲಗ್ ತೂತಿನಿಂದ ಸ್ವಲ್ಪ ಆಯಿಲ್ ಬಿಟ್ಟು ಮತ್ತೆ ಅಳೆಯುತ್ತೇವಲ್ಲ, ಏರಿದರೆ ರಿಂಗ್, ಏರದಿದ್ದರೆ ವಾಲ್ವ್ ಎಂದು? ನೆಟ್ಟಗಿರುವ ಸಿಲಿಂಡರ್‌ನಲ್ಲಿ ಆಯಿಲ್ ಪಿಸ್ಟನ್ ಸುತ್ತ ಹರಡಿ ರಿಂಗ್‌ಗೆ ಮುಸುಕು ಹಾಕುತ್ತದೆ. ಮಲಗಿರುವ ಸಿಲಿಂಡರ್‌ನಲ್ಲಿ ತಳದಲ್ಲಿ ನಿಂತುಬಿಡುತ್ತದೆ, ಮೇಲಿನ ಅರ್ಧ ಒಣಗಿಯೇ ಇರುತ್ತದೆ. ಫಲಿತಾಂಶ ನಂಬಲಿಕ್ಕಾಗದು. ಬೀಟಲ್‌ಗೆ ಲೀಕ್-ಡೌನ್ ಪರೀಕ್ಷೆಯೇ ಸರಿ. ಎರಡೂ ವಾಲ್ವ್ ಮುಚ್ಚಿರುವ ಸ್ಥಿತಿಗೆ ತಂದು, ಪ್ಲಗ್ ತೂತಿನಿಂದ ಕಂಪ್ರೆಸರ್ ಗಾಳಿ ಕೊಟ್ಟು ಕಿವಿಗೊಡಿ. ಸೈಲೆನ್ಸರ್‌ನಲ್ಲಿ ಸುಂಯ್ ಎಂದರೆ ಎಕ್ಸಾಸ್ಟ್ ವಾಲ್ವ್, ಕಾರ್ಬೊರೇಟರ್‌ನಲ್ಲಿ ಎಂದರೆ ಇನ್‌ಲೆಟ್, ಆಯಿಲ್ ಹಾಕುವ ಬಾಯಲ್ಲಿ ಎಂದರೆ ರಿಂಗ್. ನಾಲ್ಕೂ ಸಿಲಿಂಡರ್ ಒಂದೇ ಸೈಲೆನ್ಸರ್‌ಗೆ ಸೇರುವುದರಿಂದ ಯಾವುದು ತಪ್ಪಿತಸ್ಥ ಎಂದು ಹೊಗೆ ಹೇಳುವುದಿಲ್ಲ, ಪ್ಲಗ್ ಹೇಳುತ್ತದೆ. ಒದ್ದೆ ಕಪ್ಪು ಅಂದರೆ ಆಯಿಲ್, ಒಣ ಮಸಿ ಅಂದರೆ ಪೆಟ್ರೋಲ್ ಜಾಸ್ತಿ.

ಕಪ್ಪು ಹೊಗೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಅದು ಪೆಟ್ರೋಲ್ ಜಾಸ್ತಿಯಾದ ಗುರುತು. ಚೋಕ್ ಪೂರ್ತಿ ತೆರೆಯುತ್ತಿದೆಯೇ, ಕಾರ್ಬೊರೇಟರ್‌ನ ಫ್ಲೋಟ್ ಮಟ್ಟ ಸರಿ ಇದೆಯೇ, ಏರ್ ಕ್ಲೀನರ್ ಕಟ್ಟಿದೆಯೇ ನೋಡಿ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ, ಗಾಳಿ ತೆಳು. ಕೆಳಗಿನ ಊರಿನಲ್ಲಿ ಸರಿಯಾಗಿದ್ದ ಜೆಟ್ (ಕಾರ್ಬೊರೇಟರ್‌ನಲ್ಲಿ ಪೆಟ್ರೋಲ್ ಬಿಡುವ ತೂತು) ಇಲ್ಲಿ ಸ್ವಲ್ಪ ರಿಚ್ ಆಗುತ್ತದೆ, ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಜಾಸ್ತಿ. ಆದರೆ ಕಣ್ಣಿಗೆ ಕಾಣುವ ಕಪ್ಪಿಗೆ ಎತ್ತರವೊಂದನ್ನೇ ದೂರಬೇಡಿ.

ಬಿಳಿ ಹೊಗೆಯಲ್ಲಿ ನಾವು ಹೆಚ್ಚು ಎಡವುವುದು. ನೀರಿನ ಇಂಜಿನ್‌ನಲ್ಲಿ ಬಿಳಿ ಎಂದರೆ ಹೆಡ್ ಗ್ಯಾಸ್ಕೆಟ್ ಹೋಗಿ ನೀರು ಒಳಸೇರಿದೆ ಎಂದು ತಕ್ಷಣ ಅನ್ನಿಸುತ್ತದೆ. ಇಲ್ಲಿ ರೇಡಿಯೇಟರ್ ಇಲ್ಲ, ಒಳಗೆ ಸೇರಲು ನೀರೇ ಇಲ್ಲ. ಡಿಸೆಂಬರ್ ಬೆಳಗಿನ ಚಳಿಯಲ್ಲಿ ಸೈಲೆನ್ಸರ್ ಬಾಯಿಂದ ಬರುವ ಬಿಳಿ ಬರೀ ಹಬೆ. ಆದರೆ ಗಾಡಿ ನಿಲ್ಲಿಸಿದಾಗ ಇಂಜಿನ್ ಕೆಳಗಿನಿಂದ, ಪಕ್ಕದಿಂದ ಬಿಳಿಯಾಗಿ ಏಳುತ್ತಿದ್ದರೆ ಅದು ಸೈಲೆನ್ಸರ್ ಒಳಗಿನದ್ದಲ್ಲ. ಕಾದ ಎಕ್ಸಾಸ್ಟ್ ಪೈಪು, ಹೀಟರ್ ಬಾಕ್ಸ್ ಮೇಲೆ ಆಯಿಲ್ ತೊಟ್ಟಿಕ್ಕಿ ಸುಡುತ್ತಿದೆ. "ಗಾಡಿ ಆಯಿಲ್ ಕುಡಿಯುತ್ತೆ" ಎಂಬ ದೂರಿನಲ್ಲಿ ನಾವು ನೋಡಿದವೆಲ್ಲ ಕುಡಿದದ್ದಕ್ಕಿಂತ ಚೆಲ್ಲಿದ್ದೇ ಜಾಸ್ತಿ.

ಚೆಲ್ಲುವ ಜಾಗಗಳಲ್ಲಿ ಮೊದಲನೆಯದು ಪುಷ್ ರಾಡ್ ಟ್ಯೂಬ್. ಸಿಲಿಂಡರ್ ಕೆಳಗೆ ಬದಿಗೆ ನಾಲ್ಕರಂತೆ ಎಂಟು ಟ್ಯೂಬ್‌ಗಳಿವೆ. ರಾಕರ್‌ಗೆ (ವಾಲ್ವ್ ಒತ್ತುವ ತೋಳುಗಳಿಗೆ) ಹೋದ ಆಯಿಲ್ ಅವುಗಳಲ್ಲೇ ವಾಪಸು ಬರುತ್ತದೆ. ತುದಿಯ ರಬ್ಬರ್ ಸೀಲ್ ಬಿಸಿಗೆ ಗಟ್ಟಿಯಾಗಿ ಒಡೆಯುತ್ತದೆ. ಆಮೇಲೆ ರಾಕರ್ ಕವರ್‌ನ ಕಾರ್ಕ್ ಪ್ಯಾಕಿಂಗ್, ಅದು ಅಗ್ಗದ ಕೆಲಸ. ಎಡಗಡೆ ಮುಂಭಾಗ ತೊಯ್ದಿದ್ದರೆ ಆಯಿಲ್ ಕೂಲರ್‌ನ ಸೀಲ್ ನೋಡಬೇಕು, ಅದಕ್ಕೆ ಫ್ಯಾನ್ ಕವಚ ತೆಗೆಯದೆ ಗತಿಯಿಲ್ಲ. ಇಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವಲ್ಲಿ ತೊಟ್ಟಿಕ್ಕಿದರೆ ಬೆರಳಿಗೆ ಹಚ್ಚಿ ಮೂಸಿ. ಗಂಧಕದ ಕಟು ವಾಸನೆ ಬಂದರೆ ಗೇರ್ ಆಯಿಲ್, ಇಲ್ಲದಿದ್ದರೆ ಫ್ಲೈವೀಲ್ ಹಿಂದಿನ ಸೀಲ್. ಸೀಲ್ ಬದಲಿಸಲು ಇಂಜಿನ್ ಇಳಿಸಿದಾಗ ಕ್ರ್ಯಾಂಕ್‌ನ ಎಂಡ್ ಪ್ಲೇ (ಹಿಂದೆ ಮುಂದೆ ಆಡುವ ಸಡಿಲ) ಅಳೆಯದೆ ಮೇಲೇರಿಸಬೇಡಿ, 0.07ರಿಂದ 0.13 ಮಿ.ಮೀ. ಒಳಗಿರಬೇಕು.

ಪುಲ್ಲಿ ಹತ್ತಿರ ಆಯಿಲ್ ಎರಚಿದ್ದರೆ ಅಲ್ಲಿ ಸೀಲ್ ಹುಡುಕಿ ಸುಸ್ತಾಗಬೇಡಿ, ಮೂಲ ಇಂಜಿನ್‌ನಲ್ಲಿ ಅಲ್ಲಿ ಸೀಲೇ ಇಲ್ಲ. ಸುರುಳಿ ಗೆರೆಯೊಂದು ಆಯಿಲನ್ನು ಒಳಕ್ಕೆ ತಳ್ಳುತ್ತದೆ. ಅಲ್ಲಿ ಹೊರಬಂದರೆ ಒಳಗೆ ಒತ್ತಡ ಕಟ್ಟಿದೆ: ಬ್ರೀದರ್ (ಒಳಗಿನ ಗಾಳಿ ಹೊರಬಿಡುವ ದಾರಿ) ಕಟ್ಟಿರಬಹುದು, ರಿಂಗ್ ದಾಟಿ ಗಾಳಿ ಬರುತ್ತಿರಬಹುದು, ಅಥವಾ ಯಾರೋ ಪ್ರೀತಿಯಿಂದ ಆಯಿಲ್ ಜಾಸ್ತಿ ಹಾಕಿರಬಹುದು. ಒಟ್ಟು ಹಿಡಿಸುವುದೇ 2.5 ಲೀಟರ್. ಮೂರು ಲೀಟರ್ ಅಭ್ಯಾಸ ಇರುವವರು ಇಲ್ಲಿ ಕೈ ಬಿಗಿ ಹಿಡಿಯಬೇಕು.

ಸೋರಿಕೆ ಹುಡುಕುವ ವಿಧಾನ ಇದು. ಇಂಜಿನ್ ಕೆಳಭಾಗವನ್ನು ಡೀಸೆಲ್, ಬ್ರಷ್ ಹಿಡಿದು ತೊಳೆದು ಒಣಗಿಸಿ, ಟಾಲ್ಕಮ್ ಪೌಡರ್ ಉದುರಿಸಿ, ಹತ್ತು ನಿಮಿಷ ಓಡಿಸಿ. ತೊಯ್ದ ಗೆರೆ ಪೌಡರಿನ ಮೇಲೆ ನದಿಯಂತೆ ಕಾಣುತ್ತದೆ, ಅದರ ಹುಟ್ಟಿನವರೆಗೆ ಹತ್ತಿ. ಫ್ಯಾನ್ ಗಾಳಿ ಮೇಲಿನಿಂದ ಕೆಳಕ್ಕೆ ಬೀಸುವುದರಿಂದ ತೊಟ್ಟು ಬೀಳುವ ಜಾಗ ಸೋರುವ ಜಾಗವಾಗಿರುವುದು ಅಪರೂಪ.

ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಇಳಿದರೆ ಎಲ್ಲರೂ ಗಾಬರಿಯಾಗುತ್ತಾರೆ. ಏರಿದರೆ ಖುಷಿಪಡುತ್ತಾರೆ. ನನಗೆ ಭಯ ಏರಿದಾಗ. ಪೆಟ್ರೋಲ್ ಪಂಪ್‌ನ ಡಯಾಫ್ರಂ ಹರಿದರೆ ಪೆಟ್ರೋಲ್ ನೇರವಾಗಿ ಕ್ರ್ಯಾಂಕ್‌ಕೇಸ್‌ಗೆ ಇಳಿಯುತ್ತದೆ. ಮಟ್ಟ ಏರುತ್ತದೆ, ಆಯಿಲ್ ನೀರಿನಂತೆ ತೆಳ್ಳಗಾಗುತ್ತದೆ, ಬೇರಿಂಗ್ ಸವೆಯುತ್ತದೆ, ಬೆಂಕಿಯ ಅಪಾಯ ಬೇರೆ. ಡಿಪ್‌ಸ್ಟಿಕ್ ಮೂಸಿ. ಪೆಟ್ರೋಲ್ ವಾಸನೆ ಬಂದರೆ ಇಂಜಿನ್ ಸ್ಟಾರ್ಟ್ ಮಾಡುವುದೇ ಬೇಡ, ಪಂಪ್ ಸರಿಮಾಡಿ ಪೂರ್ತಿ ಆಯಿಲ್ ಬದಲಿಸಿ. ಈ ಇಂಜಿನ್‌ಗೆ ಪೇಪರ್ ಫಿಲ್ಟರ್ ಇಲ್ಲ, ಕೆಳಗೆ ಒಂದು ಜಾಲರಿ ಅಷ್ಟೇ. ಹಾಗಾಗಿ 5000 ಕಿ.ಮೀ.ಗೆ ಆಯಿಲ್ ಬದಲಿಸುವುದು ತಪ್ಪಬಾರದು. ಬದಲಿಸುವಾಗ ಜಾಲರಿ ಬಿಚ್ಚಿ ಬಟ್ಟೆಯ ಮೇಲೆ ಇಟ್ಟು ಬೆಳಕಿನಲ್ಲಿ ನೋಡಿ, ಲೋಹದ ಚೂರು ಮಿನುಗಿದರೆ ಹೊಗೆಗಿಂತ ದೊಡ್ಡ ಸುದ್ದಿ.

ಇನ್ನು ಆಯಿಲ್ ದೀಪ, ಅಂದರೆ ಆಯಿಲ್ ಒತ್ತಡ ಇಳಿದಾಗ ಹೊತ್ತಿಕೊಳ್ಳುವ ಡ್ಯಾಶ್‌ಬೋರ್ಡ್ ದೀಪ. ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ ಅರ್ಧ ಗಂಟೆ ಕುದ್ದ ಮೇಲೆ ಸ್ಲೋ ರನ್ನಿಂಗ್‌ನಲ್ಲಿ ಮಿಣುಕಿ, ಸ್ವಲ್ಪ ರೇಸ್ ಮಾಡಿದರೆ ಆರಿದರೆ ಆಯಿಲ್ ಬಿಸಿಗೆ ತೆಳ್ಳಗಾಗಿದೆ. ಮನೆಗೆ ಹೋಗಿ ಮಟ್ಟ, ಇಂಜಿನ್ ಸುತ್ತಲಿನ ತಗಡುಗಳು, ರಬ್ಬರ್ ಅಂಚು ನೋಡಿ. ಅವು ಇಲ್ಲದಿದ್ದರೆ ಕೆಳಗಿನ ಬಿಸಿಗಾಳಿಯನ್ನೇ ಫ್ಯಾನ್ ಮತ್ತೆ ಎಳೆಯುತ್ತದೆ. ಓಡುತ್ತಿರುವಾಗ ಹೊತ್ತಿಕೊಂಡರೆ ಮುಂದಿನ ಸಿಗ್ನಲ್‌ವರೆಗೂ ಕಾಯಬೇಡಿ, ಅಲ್ಲೇ ಬದಿಗೆ ತೆಗೆದು ಆಫ್ ಮಾಡಿ.