ನೈಟ್ ರೈಡರ್ ಕಾರು ಡ್ರೈವರ್ ಇಲ್ದೆ ಹೆಂಗೆ ಓಡ್ತಿತ್ತು?

ಪ್ರಶ್ನೆ: ನೈಟ್ ರೈಡರ್ ಅನ್ನೋ ಹಳೇ ಅಮೆರಿಕನ್ ಟಿವಿ ಸೀರಿಯಲ್ಲಲ್ಲಿ ಕಿಟ್ ಅನ್ನೋ ಮಾತಾಡೋ ಕಾರು ತಾನೇ ಓಡ್ಕೊಂಡು ಬರುತ್ತಲ್ಲ, ಸೀಟಲ್ಲಿ ಯಾರೂ ಇರಲ್ಲ. ಆಗ ಈಗಿನಂಥ ಕಂಪ್ಯೂಟರ್ ಗ್ರಾಫಿಕ್ಸೂ ಇರ್ಲಿಲ್ಲ. ರಿಮೋಟಾ?

ರಿಮೋಟೂ ಅಲ್ಲ ಮಣ್ಣೂ ಅಲ್ಲ, ಸೀಟಲ್ಲಿ ಮನುಷ್ಯ ಇದ್ದ, ನಮಗೆ ಕಾಣ್ತಿರ್ಲಿಲ್ಲ ಅಷ್ಟೇ. ಡ್ರೈವರ್ ಸೀಟಿನ ಹಾಗೇ ಕಾಣೋ ಒಂದು ಕವರ್ ಮಾಡಿ ಅದರೊಳಗೆ ಸ್ಟಂಟ್ ಡ್ರೈವರನ್ನ ಕೂರಿಸ್ತಿದ್ರು, ಅಂದ್ರೆ ಆ ಮನುಷ್ಯನೇ ಸೀಟು. ಕೈ ಹೊರಗೆ ಕಾಣದ ಹಾಗೆ ಸ್ಟೀರಿಂಗನ್ನ ಕೆಳಗಡೆಯಿಂದ ಹಿಡ್ಕೋಬೇಕು, ಒಳಗಿಂದ ರೋಡು ಕಾಣ್ತಿದ್ದದ್ದು ಅಷ್ಟಕ್ಕಷ್ಟೇ, ಅದರಲ್ಲೇ ಟ್ರಾಫಿಕ್ ಮಧ್ಯೆ ಓಡಿಸ್ಬೇಕು. ಈಗ ಹಳೇ ಎಪಿಸೋಡ್ ಸಿಕ್ರೆ ಆ ಶಾಟಲ್ಲಿ ವಿಡಿಯೋ ನಿಲ್ಲಿಸಿ ನೋಡಿ, ಡ್ರೈವರ್ ಸೀಟು ಪಕ್ಕದ ಸೀಟಿಗಿಂತ ಸ್ವಲ್ಪ ಊದ್ಕೊಂಡಿರುತ್ತೆ. ಒಂದ್ಸಲ ಕಣ್ಣಿಗೆ ಬಿದ್ರೆ ಆಮೇಲೆ ಅದೇ ಕಾಣೋದು, ಮಜಾ ಹಾಳಾದ್ರೆ ನನ್ನನ್ನ ಬೈಬೇಡಿ.

ಕಾರು ಮಾತ್ರ ಅಂಗಡೀಲಿ ಸಿಗ್ತಿದ್ದದ್ದೇ, 1982ರ ಪಾಂಟಿಯಾಕ್ ಫೈರ್‌ಬರ್ಡ್ ಟ್ರಾನ್ಸ್ ಆ್ಯಮ್. ಮೈಕಲ್ ಶೆಫ್ ಅನ್ನೋರು ಮೂತಿ ಬದಲಾಯಿಸಿ ಡ್ಯಾಶ್‌ಬೋರ್ಡ್ ತುಂಬಾ ಲೈಟು ಬಟನ್ನು ಹಾಕಿದ್ರು. ಮುಂದೆ ಆ ಕಡೆ ಈ ಕಡೆ ಓಡಾಡೋ ಕೆಂಪು ಲೈಟಿದ್ಯಲ್ಲ, ಅದು ಸೀರಿಯಲ್ ಮಾಡಿದ ಗ್ಲೆನ್ ಲಾರ್ಸನ್ ತಮ್ಮದೇ ಹಿಂದಿನ ಸೀರಿಯಲ್ ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾದ ರೋಬೋಟ್‌ಗಳ ಕಣ್ಣಿಂದ ತಂದಿದ್ದು.

ಟರ್ಬೋ ಬೂಸ್ಟ್ ಒತ್ತಿದ್ರೆ ಕಾರು ಲಾರಿ ಮೇಲೆ ಹಾರ್ತಿತ್ತಲ್ಲ, ಅಲ್ಲಿ ಮೋಸ ಕಮ್ಮಿ, ಕಾರನ್ನ ನಿಜವಾಗ್ಲೂ ಹಾರಿಸ್ತಿದ್ರು. ಕ್ಯಾಮೆರಾಗೆ ಕಾಣದ ಹಾಗೆ ಒಂದು ರ‍್ಯಾಂಪು, ಸ್ಪೀಡಾಗಿ ಬಂದು ಹತ್ತಿಸೋದು. ತೊಂದರೆ ಏನಂದ್ರೆ ಇಂಜಿನ್ ಮುಂದಿರೋದ್ರಿಂದ ಗಾಳೀಲಿ ಮೂತಿ ಕೆಳಗೆ ಬಾಗುತ್ತೆ, ಅದಕ್ಕೇ ಹಿಂದೆ ಡಿಕ್ಕೀಲಿ ಭಾರ ತುಂಬ್ತಿದ್ರು, ಆದ್ರೂ ಇಳಿಯೋವಾಗ ಕಾರಿನ ಸೊಂಟ ಮುರಿಯೋದು ಗ್ಯಾರಂಟಿ. ನಮಗೆ ಇಳಿದ ಮೇಲೆ ಕಾಣೋದು ಇನ್ನೊಂದು ಕಾರು, ಹೊಳೀತಾ ಹೋಗ್ತಿರುತ್ತೆ! ಹಿಂಗೆ ಕಾರು ಮುರೀತಾ ಹೋದ್ರೆ ಎಲ್ಲಿಂದ ತರೋದು ಅಂದ್ರೆ, ರೈಲು ಅಪಘಾತದಲ್ಲಿ ಏಟು ತಿಂದು ಮಾರೋಕೆ ಆಗದ ಟ್ರಾನ್ಸ್ ಆ್ಯಮ್‌ಗಳನ್ನ ಪಾಂಟಿಯಾಕ್ ಕಂಪ್ನಿ ನಾಮಕಾವಸ್ತೆ ಬೆಲೆಗೆ ಇವರಿಗೆ ಕೊಟ್ಟುಬಿಡ್ತು, ಹಾರಿಸೋಕೆ ಅವೇ ಸಾಕಾಯ್ತು.

ಇನ್ನು ಆ ಕಾರಿನ ದನಿ. ಹೀರೋ ಡೇವಿಡ್ ಹ್ಯಾಸೆಲ್‌ಹಾಫ್ ಕಾರಿನ ಜೊತೆ ಅಷ್ಟೊಂದು ಹರಟೆ ಹೊಡೀತಾರಲ್ಲ, ಶೂಟಿಂಗಲ್ಲಿ ಕಾರಿನ ಡೈಲಾಗನ್ನ ಸೆಟ್ಟಲ್ಲಿದ್ದ ಬೇರೆ ಯಾರೋ ಓದ್ತಿದ್ರು. ಕಾರಿಗೆ ದನಿ ಕೊಟ್ಟ ನಟ ವಿಲಿಯಂ ಡೇನಿಯಲ್ಸ್ ಆಮೇಲೆ ಸ್ಟುಡಿಯೋದಲ್ಲಿ ಒಬ್ರೇ ಕೂತು ರೆಕಾರ್ಡ್ ಮಾಡ್ತಿದ್ರು. ಇಬ್ರೂ ಮುಖಾಮುಖಿ ಆಗಿದ್ದೇ ತಿಂಗಳುಗಟ್ಟಲೆ ಆದ್ಮೇಲೆ, ಒಂದು ಕ್ರಿಸ್‌ಮಸ್ ಪಾರ್ಟೀಲಿ. 1982ರಿಂದ 86ರ ತನಕ ನಾಲ್ಕು ಸೀಸನ್ ನಡೀತು, ಟೈಟಲ್ಲಲ್ಲಿ ಡೇನಿಯಲ್ಸ್ ಹೆಸರು ಹುಡುಕಿದ್ರೆ ಸಿಗಲ್ಲ, ಹಾಕೋದೇ ಬೇಡ ಅಂತ ಅವರೇ ಹೇಳಿದ್ರಂತೆ.