ಎರಡು ಬಗೆಯ ಬಿಗಿ

ಎಂಜಿನ್ ಹೆಡ್‌ನ (ಸಿಲಿಂಡರುಗಳ ಮೇಲೆ ಕೂರುವ ಭಾಗದ) ಕೆಲಸ ಮುಗಿದು ಕ್ಯಾಮ್‌ಶಾಫ್ಟ್‌ಗಳನ್ನು ಮರಳಿ ಕೂರಿಸುವ ಹೊತ್ತಿಗೆ ಮೇಜಿನ ಮೇಲೆ ಎರಡು ತಟ್ಟೆಗಳಲ್ಲಿ ಬೋಲ್ಟುಗಳಿರುತ್ತವೆ. ಒಂದು ತಟ್ಟೆಯವು ಕ್ಯಾಮ್‌ಶಾಫ್ಟಿನ ಕ್ಯಾಪ್‌ಗಳನ್ನು ಹಿಡಿಯುವಂಥವು, ಇನ್ನೊಂದರವು ಎಲ್ಲಕ್ಕೂ ಮೇಲೆ ಮುಚ್ಚಳವಾಗಿ ಕೂರುವ ವಾಲ್ವ್ ಕವರಿನವು. ಬಹಳಷ್ಟು ಕಾರುಗಳಲ್ಲಿ ಎರಡೂ 6 ಮಿಲಿಮೀಟರ್ ದಪ್ಪದ ಬೋಲ್ಟುಗಳೇ, ಎರಡಕ್ಕೂ 10ರ ಸ್ಪ್ಯಾನರೇ. ನೋಡಿದರೆ ಅಣ್ಣತಮ್ಮಂದಿರಂತಿರುತ್ತವೆ. ಆದರೆ ಕ್ಯಾಪ್ ಬೋಲ್ಟನ್ನು ಬಿಗಿಯುವುದು ಒಂದು ಸಂದನ್ನು ಉಳಿಸಿಕೊಳ್ಳುವುದಕ್ಕೆ. ಕವರ್ ಬೋಲ್ಟನ್ನು ಬಿಗಿಯುವುದು ಒಂದು ಸಂದನ್ನು ಮುಚ್ಚುವುದಕ್ಕೆ. ಈ ವ್ಯತ್ಯಾಸ ಮನಸ್ಸಿಗೆ ಇಳಿದರೆ ಸರ್ವಿಸ್ ಮ್ಯಾನ್ಯುಯಲ್ ಹೇಳುವ ‘ಹೀಗೆ ಮಾಡಿ, ಹಾಗೆ ಮಾಡಬೇಡಿ’ಗಳಿಗೆಲ್ಲ ಕಾರಣ ಹೊಳೆಯತೊಡಗುತ್ತದೆ.

ಕ್ಯಾಮ್‌ಶಾಫ್ಟ್ ಎಂದರೆ ಮೈಮೇಲೆ ಮೊಟ್ಟೆಯಾಕಾರದ ಉಬ್ಬುಗಳಿರುವ ಉದ್ದನೆಯ ದಂಡ. ಆ ಉಬ್ಬಿಗೆ ಲೋಬ್ ಎಂದು ಹೆಸರು. ಲೋಬ್ ತಿರುಗಿ ಬಂದಾಗ ವಾಲ್ವನ್ನು, ಅಂದರೆ ಸಿಲಿಂಡರಿನ ಬಾಗಿಲನ್ನು, ಕೆಳಕ್ಕೆ ಒತ್ತುತ್ತದೆ, ದಾಟಿಹೋದಾಗ ಸ್ಪ್ರಿಂಗ್ ಅದನ್ನು ಮೇಲೆಳೆದು ಮುಚ್ಚುತ್ತದೆ. ಹೆಡ್‌ನ ಮೇಲೆ ಜೋಡಿ ಕ್ಯಾಮ್‌ಶಾಫ್ಟ್, ಸಿಲಿಂಡರಿಗೆ ನಾಲ್ಕು ವಾಲ್ವ್ ಎಂಬ ಏರ್ಪಾಟು 1912ರಲ್ಲಿ ಪ್ಯೂಜೋ ಕಂಪನಿಯ ರೇಸ್ ಕಾರಿನಲ್ಲಿ ಬಂತು. ಇವತ್ತು ಸಾಧಾರಣ ಕಾರಿನಲ್ಲೂ ಅದೇ. ಎಂಜಿನ್ ನಿಮಿಷಕ್ಕೆ 6000 ಸುತ್ತಿನಲ್ಲಿ ಓಡುವಾಗ ಅದರ ಅರ್ಧ ವೇಗದಲ್ಲಿ ಸುತ್ತುವ ಕ್ಯಾಮ್‌ಶಾಫ್ಟ್ ಸೆಕೆಂಡಿಗೆ 50 ಸಲ ತಿರುಗುತ್ತದೆ. ಪ್ರತಿ ವಾಲ್ವೂ ಸೆಕೆಂಡಿಗೆ 50 ಸಲ ಬಾಯಿ ತೆರೆದು ಮುಚ್ಚಬೇಕು, ಒಂದೊಂದು ಸಲಕ್ಕೂ ಸಿಗುವ ಕಾಲ ಸುಮಾರು 7 ಮಿಲಿಸೆಕೆಂಡ್.

ಇಷ್ಟು ವೇಗದಲ್ಲಿ ತಿರುಗುವ ಶಾಫ್ಟಿಗೆ ಇರುವ ಆಸರೆ ತೀರಾ ಸರಳ. ಹೆಡ್‌ನಲ್ಲಿ ಕೊರೆದ ಅರ್ಧಚಂದ್ರದ ಹಳ್ಳ ಕೆಳಗೆ, ಅಲ್ಯೂಮಿನಿಯಂ ಕ್ಯಾಪ್ ಮೇಲೆ. ಎರಡೂ ಸೇರಿ ಒಂದು ದುಂಡನೆಯ ಮನೆ, ಅದೇ ಬೇರಿಂಗ್. ಕಾರ್ಖಾನೆಯಲ್ಲಿ ಕ್ಯಾಪ್‌ಗಳನ್ನು ಮೊದಲು ಹೆಡ್‌ಗೆ ಬಿಗಿದು, ಆಮೇಲೆ ಈ ಮನೆಗಳನ್ನೆಲ್ಲ ಒಂದೇ ಸಾಲಿನಲ್ಲಿ ಕೊರೆಯುತ್ತಾರೆ. ಹೀಗಾಗಿ ಪ್ರತಿ ಕ್ಯಾಪ್ ತನ್ನ ಕೆಳಗಿನ ಹಳ್ಳಕ್ಕೇ ಹುಟ್ಟಿದ ಜೋಡಿ. ಮೂರನೆಯದನ್ನು ನಾಲ್ಕರ ಜಾಗಕ್ಕೆ ಹಾಕಿದರೆ ಕಣ್ಣಿಗೆ ಸರಿಯಾಗೇ ಕೂತಂತೆ ಕಾಣುತ್ತದೆ, ಆದರೆ ದುಂಡು ಕೆಟ್ಟಿರುತ್ತದೆ. ಕ್ಯಾಪ್‌ನ ಬೆನ್ನ ಮೇಲೆ ನಂಬರೂ ಎಂಜಿನ್ನಿನ ಮುಂಭಾಗ ತೋರಿಸುವ ಬಾಣವೂ ಇರುವುದು ಅದಕ್ಕೇ. ಒಂದು ಕ್ಯಾಪ್ ಕಳೆದರೆ ಇನ್ನೊಂದು ಹೆಡ್‌ನಿಂದ ತಂದು ಹಾಕುವಂತಿಲ್ಲ ಎಂಬುದಕ್ಕೂ ಇದೇ ಕಾರಣ.

ಆ ಮನೆಗೂ ಶಾಫ್ಟಿಗೂ ನಡುವಿನ ಸಂದು ಸಾಮಾನ್ಯವಾಗಿ 0.03ರಿಂದ 0.07 ಮಿಲಿಮೀಟರ್. ತಲೆಗೂದಲಿನ ದಪ್ಪ, ಇಲ್ಲವೇ ಅದಕ್ಕಿಂತ ಕಡಿಮೆ. ಈ ಸಂದಿನಲ್ಲಿ ಆಯಿಲ್ ತುಂಬಿಕೊಂಡು, ತಿರುಗುವ ಶಾಫ್ಟ್ ಅದನ್ನು ತನ್ನ ಜೊತೆ ಎಳೆದುಕೊಂಡು ಹೋಗುತ್ತದೆ. ಸಂದು ಕಿರಿದಾಗುವ ಕಡೆಗೆ ಎಳೆಯಲ್ಪಟ್ಟ ಆಯಿಲ್‌ಗೆ ತಪ್ಪಿಸಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಆ ಒತ್ತಡವೇ ಶಾಫ್ಟನ್ನು ಎತ್ತಿ ಹಿಡಿಯುತ್ತದೆ. ಇದು ಗೊತ್ತಾದ ಬಗೆ ನನಗೆ ಬಹಳ ಇಷ್ಟ. 1883ರ ಸುಮಾರಿಗೆ ಬ್ಯೂಷಾಂ ಟವರ್ ಎಂಬ ಇಂಗ್ಲಿಷ್ ಎಂಜಿನಿಯರ್ ರೈಲಿನ ಅಚ್ಚಿನ ಬೇರಿಂಗ್‌ಗಳ ಮೇಲೆ ಪ್ರಯೋಗ ನಡೆಸಿದ್ದರು. ಬೇರಿಂಗಿನ ನೆತ್ತಿಯಲ್ಲಿ ಆಯಿಲ್ ಬಿಡಲೆಂದು ಕೊರೆದ ತೂತಿನಿಂದ ಆಯಿಲ್ ಒಳಹೋಗುವ ಬದಲು ಮೇಲಕ್ಕೆ ಉಕ್ಕಿ ಬಂತು. ಬಿರಡೆ ಜಡಿದು ಮುಚ್ಚಿದರೆ ಅದನ್ನೂ ತಳ್ಳಿ ಹೊರಬಂತು. ಅಲ್ಲಿ ಅಷ್ಟು ಒತ್ತಡ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಗಣಿತದ ಉತ್ತರ ಕೊಟ್ಟರು. ಇವತ್ತಿಗೂ ಬೇರಿಂಗ್ ವಿನ್ಯಾಸ ನಿಂತಿರುವುದು ಆ ಸಮೀಕರಣದ ಮೇಲೆಯೇ.

ಕೂದಲೆಳೆಯಷ್ಟು ಸಂದನ್ನು ಕಣ್ಣಿನಿಂದ ಅಳೆಯಲಾಗದು, ಆದರೆ ಅಳೆಯುವ ದಾರಿ ಅಚ್ಚರಿಯಾಗುವಷ್ಟು ಸುಲಭ. ಪ್ಲಾಸ್ಟಿಗೇಜ್ ಎಂಬ ಮೆತ್ತನೆಯ ದಾರದಂಥ ಎಳೆ ಸಿಗುತ್ತದೆ. ಶಾಫ್ಟನ್ನು ಒರೆಸಿ ಒಣಗಿಸಿ ಹಳ್ಳದಲ್ಲಿ ಮಲಗಿಸಿ, ಅದರ ಉದ್ದಕ್ಕೆ ಒಂದು ತುಂಡು ಎಳೆ ಇಟ್ಟು, ಕ್ಯಾಪ್ ಹಾಕಿ ಹೇಳಿದಷ್ಟು ಬಿಗಿಯಬೇಕು. ಈಗ ಶಾಫ್ಟನ್ನು ಒಂದಿಷ್ಟೂ ತಿರುಗಿಸಕೂಡದು. ಕ್ಯಾಪ್ ಬಿಚ್ಚಿದರೆ ದುಂಡಗಿದ್ದ ಎಳೆ ಚಪ್ಪಟೆ ಪಟ್ಟಿಯಾಗಿ ಲೋಹಕ್ಕೆ ಅಂಟಿಕೊಂಡಿರುತ್ತದೆ. ಪಟ್ಟಿ ಅಗಲವಾದಷ್ಟೂ ಸಂದು ಕಿರಿದು. ಪೊಟ್ಟಣದ ಮೇಲೆ ಮುದ್ರಿಸಿದ ಅಳತೆಪಟ್ಟಿಯನ್ನು ಪಕ್ಕಕ್ಕೆ ಹಿಡಿದು ಅಗಲ ಹೋಲಿಸಿದರೆ ಮಿಲಿಮೀಟರಿನ ನೂರನೇ ಭಾಗದ ಲೆಕ್ಕ ಕೈಗೆ ಬರುತ್ತದೆ. ಒಂದು ತುದಿಯಲ್ಲಿ ಅಗಲ, ಇನ್ನೊಂದು ತುದಿಯಲ್ಲಿ ಸಣ್ಣಗೆ ಇದ್ದರೆ ಶಾಫ್ಟು ಓರೆಯಾಗಿ ಸವೆದಿದೆ ಎಂದೂ ಅದೇ ಪಟ್ಟಿ ಹೇಳುತ್ತದೆ. ಸಣ್ಣ ಸಾಮಾನಿನಿಂದ ಇಷ್ಟೊಂದು ತಿಳಿಯುವುದು ನನಗೆ ಪ್ರತಿ ಸಲವೂ ಖುಷಿ ಕೊಡುತ್ತದೆ.

ಇನ್ನು ಬಿಗಿಯುವ ಕೆಲಸ. ಶಾಫ್ಟನ್ನು ಹಳ್ಳಗಳಲ್ಲಿ ಇಟ್ಟ ಕೂಡಲೇ ಅದು ಸಮವಾಗಿ ಮಲಗುವುದಿಲ್ಲ. ಕೆಲವು ಲೋಬ್‌ಗಳ ಮೂಗು ಕೆಳಮುಖವಾಗಿದ್ದು ವಾಲ್ವ್ ಸ್ಪ್ರಿಂಗ್‌ಗಳ ಮೇಲೆ ನಿಂತಿರುತ್ತದೆ, ಹೀಗಾಗಿ ಒಂದು ತುದಿ ಎದ್ದು ಕೂರುತ್ತದೆ. ಸ್ಪ್ರಿಂಗ್ ಒಂದೊಂದೂ ಹತ್ತಾರು ಕಿಲೋ ಬಲದಿಂದ ಮೇಲಕ್ಕೆ ತಳ್ಳುತ್ತಿರುತ್ತದೆ. ಈಗ ಯಾವುದೋ ಒಂದು ಕ್ಯಾಪನ್ನು ಪೂರ್ತಿ ಬಿಗಿದುಬಿಟ್ಟರೆ ಶಾಫ್ಟನ್ನು ಸನ್ನೆಗೋಲಿನಂತೆ ಬಾಗಿಸಲು ಹೊರಟಂತಾಗುತ್ತದೆ. ಹಲವು ಕ್ಯಾಮ್‌ಶಾಫ್ಟ್‌ಗಳನ್ನು ಎರಕದ ಕಬ್ಬಿಣದಲ್ಲಿ ಮಾಡಿ ಲೋಬ್‌ಗಳನ್ನು ಗಟ್ಟಿಗೊಳಿಸಿರುತ್ತಾರೆ. ಸವೆತಕ್ಕೆ ಜಗ್ಗದ ಈ ಲೋಹಕ್ಕೆ ಬಾಗುವುದು ಗೊತ್ತಿಲ್ಲ, ಟಕ್ಕೆಂದು ಮುರಿಯುತ್ತದೆ. ಶಾಫ್ಟು ಉಳಿದರೆ ಕ್ಯಾಪ್ ಸೀಳುತ್ತದೆ, ಇಲ್ಲವೇ ಅಲ್ಯೂಮಿನಿಯಂ ಹೆಡ್‌ನ ಥ್ರೆಡ್ ಕಿತ್ತು ಬರುತ್ತದೆ.

ಆದ್ದರಿಂದ ಸರದಿ. ಮ್ಯಾನ್ಯುಯಲ್ ಹೇಳಿದ ಕ್ರಮದಲ್ಲಿ, ಸಾಮಾನ್ಯವಾಗಿ ನಡುವಿನಿಂದ ಹೊರಕ್ಕೆ, ಪ್ರತಿ ಬೋಲ್ಟಿಗೂ ಅರ್ಧ ಸುತ್ತು, ಮತ್ತೆ ಮೊದಲಿನಿಂದ ಅರ್ಧ ಸುತ್ತು. ಹತ್ತಿರದಿಂದ ನೋಡುತ್ತಿದ್ದರೆ ಶಾಫ್ಟು ಒಂದೊಂದು ಸರದಿಗೂ ಚೂರು ಚೂರೇ ಇಳಿಯುವುದು ಕಾಣುತ್ತದೆ. ಕ್ಯಾಪ್‌ನ ಕೆಳಗಿನ ಬೆಳಕಿನ ಗೆರೆ ತೆಳುವಾಗುತ್ತಾ ಬಂದು, ಕೊನೆಗೆ ಎಲ್ಲ ಕ್ಯಾಪ್‌ಗಳಲ್ಲೂ ಹೆಚ್ಚುಕಡಿಮೆ ಒಟ್ಟಿಗೆ ಮಾಯವಾಗುತ್ತದೆ. ಹಾಗೆ ಒಟ್ಟಿಗೆ ಮಾಯವಾದರೆ ಕೆಲಸ ಸರಿಯಾಗಿದೆ.

ಕೊನೆಯ ಬಿಗಿ, ಎಷ್ಟು ಬಲದಿಂದ ತಿರುಗಿಸಿದೆವೆಂದು ತೋರಿಸುವ ಟಾರ್ಕ್ ರೆಂಚಿನದು. ಈ ಅಳತೆಯ ಬೋಲ್ಟಿಗೆ 10 ನ್ಯೂಟನ್ ಮೀಟರಿನ ಆಸುಪಾಸು ಹೇಳಿರುತ್ತಾರೆ. 25 ಸೆಂಟಿಮೀಟರ್ ಹಿಡಿಯ ತುದಿಗೆ 4 ಕಿಲೋ ತೂಕ ನೇತುಹಾಕಿದಷ್ಟು. ಕೈಗೆ ಅದು ಏನೂ ಅಲ್ಲ ಅನ್ನಿಸುತ್ತದೆ. ಆದರೆ ಥ್ರೆಡ್ ಎಂಬುದು ದಂಡಕ್ಕೆ ಸುತ್ತಿದ ಇಳಿಜಾರು. ಅದರಲ್ಲಿ ಏರಿದ ಬೋಲ್ಟು ಕ್ಯಾಪನ್ನು ಒತ್ತುವ ಬಲ ಸುಮಾರು 800 ಕಿಲೋ ತೂಕಕ್ಕೆ ಸಮ. ಅದೂ ನಾವು ಹಾಕಿದ ಶ್ರಮದ ಹತ್ತರಲ್ಲಿ ಒಂದು ಪಾಲಿನಿಂದ ಮಾತ್ರ. ಉಳಿದ ಒಂಬತ್ತು ಪಾಲು ಬೋಲ್ಟಿನ ತಲೆಯ ಕೆಳಗಿನ ಮತ್ತು ಥ್ರೆಡ್ಡಿನೊಳಗಿನ ಘರ್ಷಣೆಗೆ ಹೋಗುತ್ತದೆ. ಇಲ್ಲೇ ಒಂದು ಮೋಸವಿದೆ. ಒಣ ಬೋಲ್ಟಿಗೆಂದು ಹೇಳಿದ ಅಳತೆಗೆ ಆಯಿಲ್ ಹಚ್ಚಿದ ಬೋಲ್ಟನ್ನು ಬಿಗಿದರೆ ಘರ್ಷಣೆ ಇಳಿದು, ರೆಂಚು ಅದೇ ಅಂಕಿ ತೋರಿಸುತ್ತಿರುವಾಗಲೇ ಒತ್ತುವ ಬಲ 1100 ಕಿಲೋ ದಾಟಬಹುದು. ರೆಂಚು ಅಳೆಯುವುದು ತಿರುಗಿಸುವ ಬಲವನ್ನು, ನಮಗೆ ಬೇಕಾದದ್ದು ಒತ್ತುವ ಬಲ. ಎರಡರ ನಡುವೆ ಕೂತಿರುವುದು ಘರ್ಷಣೆ. ಬೋಲ್ಟಿಗೆ ಆಯಿಲ್ ಹಚ್ಚಬೇಕೋ ಬೇಡವೋ ಎಂದು ಮ್ಯಾನ್ಯುಯಲ್ ಬರೆದ ಒಂದು ಪದವನ್ನು ಹಾರಿಸಿ ಓದಬಾರದು ಅನ್ನುವುದು ಇದಕ್ಕೆ. ತಳಮುಚ್ಚಿದ ತೂತಿನಲ್ಲಿ ಆಯಿಲ್ ನಿಂತಿದ್ದರಂತೂ ಇನ್ನೂ ಕಷ್ಟ: ದ್ರವ ಕುಗ್ಗುವುದಿಲ್ಲ, ಇಳಿಯುವ ಬೋಲ್ಟು ಪಿಸ್ಟನ್ನಿನಂತೆ ಅದನ್ನು ಒತ್ತಿ ಹೆಡ್ಡನ್ನೇ ಸೀಳಬಲ್ಲದು.

ಲೋಬ್‌ಗಳ ಕಥೆ ಬೇರಿಂಗಿನದಕ್ಕಿಂತ ಬೇರೆ. ಲೋಬಿಗೂ ವಾಲ್ವಿಗೂ ನಡುವೆ ಕೂರುವ ಚಪ್ಪಟೆ ಟ್ಯಾಪೆಟ್ ಮೇಲೆ ಲೋಬ್ ತಾಗುವುದು ಒಂದು ಗೆರೆಯುದ್ದಕ್ಕೆ ಮಾತ್ರ, ಹಾಗಾಗಿ ಆಯಿಲಿನ ಪೊರೆ ಅಲ್ಲಿ ಬಹಳ ತೆಳು. ಮೊದಲ ಸಲ ಸ್ಟಾರ್ಟ್ ಮಾಡಿದಾಗ ಪಂಪಿನಿಂದ ಆಯಿಲ್ ಹೆಡ್‌ನವರೆಗೆ ಏರಿಬರಲು ಕೆಲವು ಸೆಕೆಂಡು ಬೇಕು. ಆ ಸೆಕೆಂಡುಗಳಲ್ಲಿ ಲೋಹಕ್ಕೆ ಲೋಹ ಉಜ್ಜದಂತೆ ಕಾಯುವುದು ಜೋಡಿಸುವಾಗ ಬೆರಳಿನಿಂದ ಹಚ್ಚಿದ ಅಸೆಂಬ್ಲಿ ಲ್ಯೂಬ್. ಅದರಲ್ಲಿ ಸಾಮಾನ್ಯವಾಗಿರುವ ಮಾಲಿಬ್ಡಿನಂ ಡೈಸಲ್ಫೈಡಿನ ಕಣಗಳು ಇಸ್ಪೀಟ್ ಎಲೆಗಳ ಕಟ್ಟಿನಂತೆ ಪದರಪದರವಾಗಿದ್ದು ಒಂದರ ಮೇಲೊಂದು ಜಾರುತ್ತವೆ.

ಟ್ಯಾಪೆಟ್ ಸಂದಿನ ವಿಷಯಕ್ಕೂ ಒಂದು ಮಾತು. ಬಕೆಟ್ (ಬೋರಲು ಹಾಕಿದ ಬಟ್ಟಲಿನಂಥ ಟ್ಯಾಪೆಟ್) ಇಲ್ಲವೇ ಶಿಮ್ (ಸಂದು ಹೊಂದಿಸುವ ತೆಳು ಬಿಲ್ಲೆ) ಇರುವ ಎಂಜಿನ್ನಿನಲ್ಲಿ ಪ್ರತಿಯೊಂದೂ ಬಿಚ್ಚಿದ ಜಾಗಕ್ಕೇ ಮರಳಬೇಕು, ಏಕೆಂದರೆ ಅದರ ದಪ್ಪವನ್ನು ಆ ವಾಲ್ವಿಗೆಂದೇ ಆರಿಸಿರುತ್ತಾರೆ. ತಣ್ಣಗಿರುವಾಗ ಲೋಬಿನ ಬೆನ್ನಿಗೂ ಟ್ಯಾಪೆಟ್ಟಿಗೂ ನಡುವೆ ಫೀಲರ್ ಗೇಜ್ ಎಂಬ ಅಳತೆಯ ತೆಳು ಪಟ್ಟಿ ತೂರಿಸಿ ನೋಡಿದರೆ ಇನ್‌ಟೇಕ್ ಕಡೆ 0.20, ಹೊಗೆ ಹೊರಹೋಗುವ ಎಗ್ಸಾಸ್ಟ್ ಕಡೆ 0.30 ಮಿಲಿಮೀಟರಿನ ಆಸುಪಾಸು ಸಿಗುವುದು ವಾಡಿಕೆ. ಕೆಂಪಗೆ ಕಾಯುವ ಎಗ್ಸಾಸ್ಟ್ ವಾಲ್ವ್ ಹೆಚ್ಚು ಉದ್ದವಾಗುತ್ತದೆ. 100 ಮಿಲಿಮೀಟರ್ ಉಕ್ಕಿನ ಕಡ್ಡಿ 400 ಡಿಗ್ರಿ ಹೆಚ್ಚು ಬಿಸಿಯಾದರೆ ಅರ್ಧ ಮಿಲಿಮೀಟರಿನಷ್ಟು ಬೆಳೆಯುತ್ತದೆ. ಹೆಡ್ಡೂ ಹಿಗ್ಗಿ ಅದರಲ್ಲಿ ಒಂದಷ್ಟನ್ನು ಸರಿದೂಗಿಸುತ್ತದೆ, ಉಳಿದದ್ದಕ್ಕೆ ಈ ಸಂದು. ಸಂದು ಇಲ್ಲದಿದ್ದರೆ ವಾಲ್ವ್ ತನ್ನ ಸೀಟಿನ ಮೇಲೆ ಪೂರ್ತಿ ಕೂರುವುದಿಲ್ಲ. ವಾಲ್ವಿನ ಶಾಖ ಹೊರಹೋಗುವ ಮುಖ್ಯ ದಾರಿ ಆ ಸೀಟೇ ಆದ್ದರಿಂದ, ಕೂರದ ವಾಲ್ವ್ ಅಂಚಿನಿಂದ ಸುಟ್ಟುಹೋಗುತ್ತದೆ.

ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸುವ ದಂಡ) ಮತ್ತು ಕ್ಯಾಮ್ ಒಂದಕ್ಕೊಂದು ಹೊಂದಿ ತಿರುಗಲೆಂದು ಹಾಕಿರುವ ಟೈಮಿಂಗ್ ಗುರುತುಗಳ ಬಗ್ಗೆ ಎಲ್ಲರೂ ಎಚ್ಚರಿಸುತ್ತಾರೆ, ಲೆಕ್ಕ ಮಾತ್ರ ಹೇಳುವುದಿಲ್ಲ. ಕ್ರ್ಯಾಂಕಿನ ಸ್ಪ್ರಾಕೆಟ್ಟಿಗೆ (ಹಲ್ಲುಗಾಲಿಗೆ) 20 ಹಲ್ಲು, ಕ್ಯಾಮಿನದಕ್ಕೆ 40 ಇದ್ದರೆ, ಒಂದೇ ಒಂದು ಹಲ್ಲು ತಪ್ಪಿದರೂ ವಾಲ್ವುಗಳು ಕ್ರ್ಯಾಂಕಿನ ಲೆಕ್ಕದಲ್ಲಿ 18 ಡಿಗ್ರಿ ಹಿಂದೆಮುಂದೆ. ತೆರೆದ ವಾಲ್ವೂ ಮೇಲೆ ಬಂದ ಪಿಸ್ಟನ್ನೂ ಒಂದೇ ಜಾಗವನ್ನು ಸರದಿಯಂತೆ ಬಳಸುವ ಎಂಜಿನ್ನುಗಳಲ್ಲಿ ಇಂಥ ತಪ್ಪು ಹೆಚ್ಚಾದರೆ ಎರಡೂ ಡಿಕ್ಕಿ ಹೊಡೆಯುತ್ತವೆ. ಅದಕ್ಕೇ ಕವರ್ ಮುಚ್ಚುವ ಮೊದಲು ಕ್ರ್ಯಾಂಕನ್ನು ಸ್ಪ್ಯಾನರ್ ಹಿಡಿದು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸುವುದು. ಎರಡು ಏಕೆಂದರೆ ಕ್ಯಾಮ್‌ನ ಒಂದು ಸುತ್ತಿಗೆ ಕ್ರ್ಯಾಂಕಿನ ಎರಡು ಸುತ್ತು. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಅಲ್ಲೇ ನಿಲ್ಲಿಸಬೇಕು. ಕೈಗೆ ತಿಳಿಯುವ ಆ ತಡೆ ಸ್ಟಾರ್ಟರ್ ಮೋಟಾರಿಗೆ ತಿಳಿಯುವುದಿಲ್ಲ.

ಈಗ ಎರಡನೇ ತಟ್ಟೆ. ವಾಲ್ವ್ ಕವರಿನೊಳಗೆ ದೊಡ್ಡ ಒತ್ತಡವೇನೂ ಇಲ್ಲ. ಪಿಸ್ಟನ್ ರಿಂಗುಗಳನ್ನು ದಾಟಿ ಬಂದ ಅಲ್ಪಸ್ವಲ್ಪ ಗ್ಯಾಸನ್ನೂ ಪಿಸಿವಿ ಎಂಬ ಬೇರೆಯೇ ಒಂದು ವಾಲ್ವ್ ಹೀರಿಸಿ ಎಂಜಿನ್ನಿಗೇ ಕಳಿಸುತ್ತದೆ. ಇಲ್ಲಿ ತಡೆಯಬೇಕಾದದ್ದು ಎರಚಾಡುವ ಬಿಸಿ ಆಯಿಲನ್ನು, ತಡೆಯುವುದು ಮೆತ್ತನೆಯ ರಬ್ಬರ್ ಗ್ಯಾಸ್ಕೆಟ್. ರಬ್ಬರಿನ ಗುಣ ವಿಚಿತ್ರ: ಅದರ ಆಕಾರ ಬದಲಾಗುತ್ತದೆಯೇ ಹೊರತು ಗಾತ್ರ ಕುಗ್ಗುವುದಿಲ್ಲ. ಮೇಲಿಂದ ಒತ್ತಿದಷ್ಟೂ ಪಕ್ಕಕ್ಕೆ ಹರಡಬೇಕು. ಹಾಗೆ ಹರಡಲೆಂದೇ ಕವರಿನ ಕಾಲುವೆಯಲ್ಲಿ ಜಾಗ ಬಿಟ್ಟಿರುತ್ತಾರೆ. ‘ಇನ್ನೊಂದು ಸ್ವಲ್ಪ ಇರಲಿ’ ಎಂದು ಎಳೆದರೆ ಆ ಜಾಗ ತುಂಬಿದ ಮೇಲೆ ರಬ್ಬರು ಹೊರಗೆ ಜಿನುಗುತ್ತದೆ, ಇಲ್ಲವೇ ತೆಳುವಾದ ಕವರ್ ಬೋಲ್ಟಿನ ಬಳಿ ತಗ್ಗಿ ಎರಡು ಬೋಲ್ಟುಗಳ ನಡುವೆ ಉಬ್ಬುತ್ತದೆ. ಉಬ್ಬಿದಲ್ಲಿ ಗ್ಯಾಸ್ಕೆಟ್ಟಿನ ಮೇಲೆ ಒತ್ತೇ ಇರುವುದಿಲ್ಲ, ಆಯಿಲ್ ಹೊರಬರುವುದು ಅಲ್ಲಿಂದಲೇ. ಲೀಕ್ ಕಂಡು ಮತ್ತಷ್ಟು ಬಿಗಿದರೆ ಲೀಕ್ ಹೆಚ್ಚುತ್ತದೆ. ಹಲವು ಕಾರುಗಳಲ್ಲಿ ಕವರ್ ಬೋಲ್ಟಿಗೆ ಭುಜದಂಥ ಮೆಟ್ಟಿಲು ಕೊಟ್ಟಿರುವುದು ರಬ್ಬರು ಇಷ್ಟೇ ಒತ್ತಿಕೊಳ್ಳಲಿ ಎಂದು.

ಹಳೆಯ ಗ್ಯಾಸ್ಕೆಟ್ಟನ್ನು ಏಕೆ ಮತ್ತೆ ಹಾಕಬಾರದು ಎಂಬುದಕ್ಕೆ ಉತ್ತರ ಅಣುಗಳಲ್ಲಿದೆ. ರಬ್ಬರಿನ ಉದ್ದುದ್ದ ಅಣುಸರಪಳಿಗಳು ಅಲ್ಲಲ್ಲಿ ಒಂದಕ್ಕೊಂದು ಗಂಟು ಬಿದ್ದಿರುವುದರಿಂದಲೇ ಒತ್ತಿ ಬಿಟ್ಟರೆ ಅದು ಮೊದಲಿನ ಆಕಾರಕ್ಕೆ ಮರಳುವುದು. ವರ್ಷಗಟ್ಟಲೆ ಬಿಸಿಯಲ್ಲಿ ಒತ್ತಿಕೊಂಡೇ ಇದ್ದರೆ ಹಳೆಯ ಗಂಟುಗಳಲ್ಲಿ ಕೆಲವು ಕಳಚಿ, ಒತ್ತಿದ ಆಕಾರದಲ್ಲೇ ಹೊಸ ಗಂಟುಗಳು ಬೀಳುತ್ತವೆ. ಬಿಚ್ಚಿ ತೆಗೆದ ಗ್ಯಾಸ್ಕೆಟ್ಟನ್ನು ಅಡ್ಡ ಹಿಡಿದು ನೋಡಿ: ದುಂಡಗಿರಬೇಕಾದ ಬೆನ್ನು ಚಪ್ಪಟೆಯಾಗಿ, ಉಗುರಿನಿಂದ ಒತ್ತಿದರೆ ಗುರುತೂ ಬೀಳದಷ್ಟು ಗಡುಸಾಗಿರುತ್ತದೆ. ಅದಕ್ಕೆ ತಳ್ಳಿ ಹಿಡಿಯುವ ಶಕ್ತಿ ಉಳಿದಿಲ್ಲ.

ಮುಂದಿನ ಕ್ಯಾಪ್ ಹೆಡ್ಡಿಗೆ ಸೇರುವ ಮೂಲೆಯಲ್ಲಿ, ಕ್ಯಾಮ್ ತಿರುಗಿಸುವ ಏರ್ಪಾಟನ್ನು ಮುಚ್ಚುವ ಟೈಮಿಂಗ್ ಕವರ್ ಬಂದು ಕೂಡುವ ಕಡೆಯಲ್ಲಿ ಮಾತ್ರ ರಬ್ಬರು ಒಂದೇ ಸಾಲದು. ಅಲ್ಲಿನ ಚೂಪು ಮೂಲೆಯನ್ನು ದುಂಡನೆಯ ರಬ್ಬರು ತುಂಬಲಾರದು. ಅಲ್ಲಿಗೆ ಸಿಲಿಕೋನ್ ಸೀಲಂಟಿನ ಒಂದು ಬೊಟ್ಟು. ಅದು ಒಣಗಿ ಗಟ್ಟಿಯಾಗುತ್ತದೆ ಎನ್ನುತ್ತೇವೆ, ನಿಜಕ್ಕೂ ಅದು ಗಾಳಿಯ ತೇವವನ್ನು ಹೀರಿಕೊಂಡು ಗಟ್ಟಿಯಾಗುತ್ತದೆ. ಹೊರಗಿನಿಂದ ಶುರುವಾಗಿ ನಿಧಾನವಾಗಿ ಒಳಕ್ಕೆ. ಕೆಲವು ಬಗೆಯದರಲ್ಲಿ ಆಗ ವಿನೆಗರಿನ ವಾಸನೆ ಬರುವುದು ನಿಜವಾದ ಅಸಿಟಿಕ್ ಆಮ್ಲದ್ದೇ. ಆಯಿಲ್ ಜಿಡ್ಡಿನ ಮೇಲೆ ಅದು ಹಿಡಿಯುವುದಿಲ್ಲ, ಹಾಗಾಗಿ ಮೊದಲು ಮೂಲೆಯನ್ನು ಒರೆಸಿ ಜಿಡ್ಡು ತೆಗೆಯಬೇಕು. ಸುತ್ತಲೂ ಧಾರಾಳವಾಗಿ ಬಳಿಯುವುದು ನಾನು ಕಂಡ ತಪ್ಪುಗಳಲ್ಲೆಲ್ಲ ಅಪಾಯದ್ದು. ಒಳಗೆ ಉಕ್ಕಿದ ಸಿಲಿಕೋನ್ ತುಣುಕಾಗಿ ಕಿತ್ತು ಕೆಳಗೆ ಬಿದ್ದು, ಆಯಿಲ್ ಹೀರುವ ಜಾಲರಿಗೆ ಅಡ್ಡ ಕೂತರೆ, ಕೂದಲೆಳೆ ದಪ್ಪದ ಆ ಆಯಿಲ್ ಪೊರೆಗೆ ಬರಬೇಕಾದ ಆಯಿಲೇ ನಿಂತುಹೋಗುತ್ತದೆ. ಹೊರಗಿನ ಒಂದು ಹನಿ ಲೀಕ್ ನಿಲ್ಲಿಸಲು ಹೋಗಿ ಒಳಗಿನ ಬೇರಿಂಗುಗಳನ್ನೇ ಕಳೆದುಕೊಂಡಂತಾಯಿತು.

ಸೀಲಂಟ್ ಪೂರ್ತಿ ಹಣ್ಣಾಗಲು ಸಾಮಾನ್ಯವಾಗಿ ಒಂದು ದಿನ ಬಿಡುತ್ತಾರೆ. ಮರುದಿನ ಸ್ಟಾರ್ಟ್ ಮಾಡಿದರೆ, ಆಯಿಲ್ ಒತ್ತಡದಿಂದ ಸಂದನ್ನು ತಾವೇ ತುಂಬಿಕೊಳ್ಳುವ ಹೈಡ್ರಾಲಿಕ್ ಟ್ಯಾಪೆಟ್‌ಗಳಿರುವ ಎಂಜಿನ್ ಮೊದಲು ಟಿಕ್‌ಟಿಕ್ ಎನ್ನುತ್ತದೆ. ಆಯಿಲ್ ಮೇಲೇರಿ ಅವುಗಳಲ್ಲಿ ತುಂಬುತ್ತಿದ್ದಂತೆ ಆ ಸದ್ದು ಒಂದೊಂದಾಗಿ ಅಡಗುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾಗಿ ಮತ್ತೆ ತಣಿದ ಮೇಲೆ ಆ ಮುಂದಿನ ಮೂಲೆಯ ಕೆಳಗೆ ಬಿಳಿ ಕಾಗದದ ಚೂರು ಒತ್ತಿ ತೆಗೆದು ನೋಡುತ್ತೇನೆ. ಕಾಗದ ಬೆಳ್ಳಗೇ ಬಂದರೆ ಟಾರ್ಚ್ ಆರಿಸಿ ಬಾನೆಟ್ ಇಳಿಸುತ್ತೇನೆ.